ಸರ್ಕಾರದ ಆರ್ಥಿಕ ಪ್ಯಾಕೇಜಿನಲ್ಲಿ ನಮ್ಮ ಊರಿನವರಿಗೆ ಎಂತ ಸಿಗುತ್ತದೆ? ಗೊತ್ತಿದ್ದವರು ಬರೆಯಿರಿ

ಬಿಜೈಯ ಲೆಕ್ಕದವ
2025ರ ನವರಾತ್ರಿಯ ಮೊದಲ ದಿನ, ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿಯಿತು. ಸಿಮೆಂಟು, ದೊಡ್ಡ ಟಿವಿ, 350 ಸಿಸಿವರೆಗಿನ ಬೈಕು ಶೇ. 28ರಿಂದ 18ಕ್ಕೆ ಬಂತು. ಹೊಲಿಗೆ ಮೆಷಿನು, ಪ್ಯಾಕೆಟ್ ಖಾರ-ಮಿಕ್ಸ್ಚರು 12ರಿಂದ 5ಕ್ಕೆ ಬಂತು. ಅದಕ್ಕೆ ಯಾರೂ ಅರ್ಜಿ ಹಾಕಬೇಕಾಗಿಲ್ಲ, ಬಿಲ್ಲು ಕೇಳಿ ಪಡೆದು ದರ ಇಳಿದಿದೆಯಾ ನೋಡಿಕೊಂಡರೆ ಸಾಕು. ಆದರೆ ಆವತ್ತಿನಿಂದ ನನ್ನ ಹತ್ತಿರ ಬರುವ ಅಂಗಡಿಯವರು, ಸ್ವಸಹಾಯ ಸಂಘದ ಅಕ್ಕಂದಿರು ಎಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಸರ್ಕಾರ ಇಷ್ಟು ಸಾವಿರ ಕೋಟಿ, ಅಷ್ಟು ಲಕ್ಷ ಕೋಟಿ ಅನ್ನುತ್ತದಲ್ವಾ, ಅದರಲ್ಲಿ ನಮಗೆ ಎಂತ ಉಂಟು?

ನಾನು ಸಣ್ಣ ಅಂಗಡಿಗಳ ಲೆಕ್ಕ ಬರೆಯುವವ. ಅರ್ಜಿ ತುಂಬಿಸಿಕೊಡುವುದು ಕೂಡ ಇದರ ಜೊತೆಗೇ ಬಂದ ಕೆಲಸ. ಗೊತ್ತಿರುವುದನ್ನು ಬರೆಯುತ್ತೇನೆ, ಉಳಿದದ್ದನ್ನು ನೀವು ಸೇರಿಸಿ.

2020ರ ಮೇ 12ಕ್ಕೆ 20 ಲಕ್ಷ ಕೋಟಿಯ ಪ್ಯಾಕೇಜು ಘೋಷಣೆ ಆದಾಗ ತುಂಬಾ ಜನ ಖಾತೆಗೆ ದುಡ್ಡು ಬೀಳುತ್ತದೆ ಅಂತ ಕಾದರು. ರೇಷನ್ ಅಕ್ಕಿ ಮತ್ತು ಜನಧನ್ ಖಾತೆಯ ಹೆಂಗಸರಿಗೆ ಮೂರು ತಿಂಗಳು ಬಂದ 500 ರೂಪಾಯಿ ಬಿಟ್ಟರೆ ಹೆಚ್ಚಿನವರಿಗೆ ನೇರ ದುಡ್ಡು ಬರಲಿಲ್ಲ. ಯಾಕೆಂದರೆ ಅದರಲ್ಲಿ ದೊಡ್ಡ ಪಾಲು ಇದ್ದದ್ದು ಸಾಲ ಮತ್ತು ಸಾಲಕ್ಕೆ ಗ್ಯಾರಂಟಿ. ಆಗ ಅಂಗಡಿ, ಕಾರ್ಖಾನೆಗಳಿಗೆ ಹಳೆ ಸಾಲದ ಮೇಲೆ ಶೇ. 20ರಷ್ಟು ಹೆಚ್ಚುವರಿ ಸಾಲ ಕೊಡುವ ಯೋಜನೆ ಬಂತು, ಅದು 2023ರ ಮಾರ್ಚಿಗೆ ಮುಗಿಯಿತು. ಆದರೆ ಅದೇ ಹೊತ್ತಿನಲ್ಲಿ ಶುರುವಾದ ಕೆಲವು ಆಮೇಲೂ ಮುಂದುವರಿದವು. ಬೀದಿ ವ್ಯಾಪಾರಿಗಳ ಸ್ವನಿಧಿ, ಮೀನುಗಾರಿಕೆಯ ಮತ್ಸ್ಯ ಸಂಪದ, ಸಣ್ಣ ತಿಂಡಿ ಘಟಕಗಳ ಪಿಎಂಎಫ್‌ಎಂಇ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆಗಳಿಗೆ ಈ ಮೂರೂ ಹೇಳಿ ಮಾಡಿಸಿದ ಹಾಗೆ ಉಂಟು. ಆದರೂ ಕೇಳಿಕೊಂಡು ಹೋಗುವವರು ಕಡಿಮೆ.

ನನ್ನ ಅಭಿಪ್ರಾಯ ಇಷ್ಟೇ. ಯೋಜನೆಯ ಹೆಸರು ಹಿಡಿದುಕೊಂಡು ಹೋಗಬೇಡಿ. ನಿಮ್ಮ ಮನೆಗೆ ಯಾವ ತಿಂಗಳು ದುಡ್ಡು ಬರುತ್ತದೆ, ಯಾವ ತಿಂಗಳು ಬರುವುದಿಲ್ಲ ಅಂತ ಮೊದಲು ಬರೆದುಕೊಳ್ಳಿ. ಆಮೇಲೆ ಯೋಜನೆ ಹುಡುಕಿ. ಕರಾವಳಿಯಲ್ಲಿ ಜೂನ್-ಜುಲೈ ಅಂದರೆ ಅರ್ಧ ಊರಿಗೆ ವ್ಯಾಪಾರವೇ ಇರುವುದಿಲ್ಲ. ಕಂತು ಮಾತ್ರ ಆ ತಿಂಗಳೂ ಬರುತ್ತದೆ.

ಮಲ್ಪೆ ಬಂದರು
ಒಳ್ಳೆಯದಾಯಿತು ಬರೆದದ್ದು. ಅಣ್ಣ, ನಮ್ಮಮ್ಮ ಮೀನು ಮಾರುವವರು. ಬೆಳಿಗ್ಗೆ ಮಲ್ಪೆಯಲ್ಲಿ ಮೀನು ತೆಗೆದುಕೊಂಡು ಉಡುಪಿ ಕಡೆ ಮನೆ ಮನೆಗೆ ಹೋಗುತ್ತಾರೆ. ಅವರಿಗೆ ಸ್ವನಿಧಿ ಸಿಗುತ್ತದಾ? ಅಂಗಡಿ ಇಲ್ಲ, ಲೈಸೆನ್ಸ್ ಇಲ್ಲ, ತಲೆ ಮೇಲೆ ಬುಟ್ಟಿ ಮಾತ್ರ.

ಬಿಜೈಯ ಲೆಕ್ಕದವ
ಸಿಗುತ್ತದೆ ಮಾರಾಯ್ರೆ, ಬುಟ್ಟಿಯವರೂ ಬೀದಿ ವ್ಯಾಪಾರಿಗಳೇ. ಬೀದಿ ವ್ಯಾಪಾರಿಗಳ ಸರ್ವೆಯಲ್ಲಿ ಹೆಸರು ಇದ್ದು ಗುರುತಿನ ಚೀಟಿ ಇದ್ದರೆ ಸುಲಭ. ಇಲ್ಲದಿದ್ದರೆ ನಗರಸಭೆಯಿಂದ ಶಿಫಾರಸು ಪತ್ರ ತೆಗೆದುಕೊಳ್ಳಬೇಕು. ಮಂಗಳೂರಿನವರಾದರೆ ಲಾಲ್‌ಬಾಗಿನ ಪಾಲಿಕೆ ಕಚೇರಿ.

2025ರಲ್ಲಿ ಮೊತ್ತವೂ ಬದಲಾಯಿತು. ಮೊದಲು 10,000, 20,000, 50,000 ಇತ್ತು. ಈಗ ಮೊದಲ ಸಲ 15,000, ಎರಡನೇ ಸಲ 25,000, ಮೂರನೇ ಸಲ 50,000. ಅಡಮಾನ ಬೇಡ. ಕಂತು ಸರಿಯಾಗಿ ಕಟ್ಟಿದವರಿಗೆ ಶೇ. 7 ಬಡ್ಡಿ ಸಹಾಯಧನ ಖಾತೆಗೆ ವಾಪಸ್ ಬರುತ್ತದೆ. ಎರಡನೇ ಸಾಲ ಹೊತ್ತಿಗೆ ಸರಿಯಾಗಿ ತೀರಿಸಿದವರಿಗೆ ಯುಪಿಐ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡ್ ಕೂಡ ಉಂಟು. ಯೋಜನೆ 2030ರ ಮಾರ್ಚ್ 31ರವರೆಗೆ ಇದೆ, ಹಾಗಾಗಿ ನಾಳೆಯೇ ಮುಗಿಯುತ್ತದೆ ಅಂತ ಹೆದರಿಸುವವರನ್ನು ನಂಬಬೇಡಿ.

ಮೊದಲ ಸಾಲ ಒಂದು ವರ್ಷದ್ದು, 12 ಕಂತು. ಯಾವಾಗ ತೆಗೆದರೂ ಒಂದು ಮಳೆಗಾಲ ನಡುವೆ ಬಂದೇ ಬರುತ್ತದೆ. ಅಮ್ಮನಿಗೆ ಹೇಳಿ, ಡಿಸೆಂಬರಿನಿಂದ ಮೇವರೆಗೆ ವ್ಯಾಪಾರ ಇರುವಾಗ ಜೂನ್, ಜುಲೈಯ ಕಂತನ್ನೂ ಅದೇ ಖಾತೆಯಲ್ಲಿ ಕೂಡಿಡಲಿ. ಬೇಗ ಕಟ್ಟಿ ಮುಗಿಸಿದರೆ ದಂಡ ಏನೂ ಇಲ್ಲ.

ಮಲ್ಪೆ ಬಂದರು
ಅಮ್ಮನ ಆಧಾರಿನಲ್ಲಿ "ಪೂಜಾರ್ತಿ" ಅಂತ ಉಂಟು. ಪಾಸ್‌ಬುಕ್ಕಿನಲ್ಲಿ "ಪೂಜಾರಿ". ರೇಷನ್ ಕಾರ್ಡಿನಲ್ಲಿ ಬರೀ ಹೆಸರು ಮಾತ್ರ. ತೊಂದರೆ ಆಗುತ್ತದಾ?

ಉಡುಪಿ ನಿವೃತ್ತ
ಆಗುತ್ತದೆ ಮಗಾ, ತುಂಬಾ ಆಗುತ್ತದೆ. ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ಇದ್ದವ, ಈಗ ನಿವೃತ್ತಿ. ನಮ್ಮ ಜಿಲ್ಲೆಯ ಹೆಂಗಸರ ಅರ್ಜಿಗಳು ನಿಲ್ಲುವುದು ಹೆಚ್ಚಾಗಿ ಇಲ್ಲೇ. ಒಂದು ಕಡೆ ಶೆಡ್ತಿ, ಇನ್ನೊಂದು ಕಡೆ ಶೆಟ್ಟಿ. ಒಂದು ಕಡೆ ತಾಯಿಮನೆ ಹೆಸರು, ಇನ್ನೊಂದು ಕಡೆ ಗಂಡನ ಹೆಸರು. ಮನುಷ್ಯರಿಗೆ ಇವರು ಒಬ್ಬರೇ ಅಂತ ಗೊತ್ತಾಗುತ್ತದೆ, ಕಂಪ್ಯೂಟರಿಗೆ ಆಗುವುದಿಲ್ಲ. ಅರ್ಜಿ ಹಾಕುವ ಮೊದಲು ಆಧಾರ್ ಹೇಗೆ ಉಂಟೋ ಹಾಗೇ ಪಾಸ್‌ಬುಕ್ ಮಾಡಿಸಿ. ಮೊಬೈಲ್ ನಂಬರ್ ಆಧಾರಿಗೆ ಜೋಡಿಸಿದ್ದು ಈಗಲೂ ಚಾಲ್ತಿಯಲ್ಲಿದೆಯಾ ನೋಡಿ, ಒಟಿಪಿ ಅದಕ್ಕೇ ಬರುವುದು. ಎಷ್ಟೋ ಮನೆಗಳಲ್ಲಿ ಆ ನಂಬರು ಮುಂಬೈಯಲ್ಲಿರುವ ಮಗನದ್ದು ಇರುತ್ತದೆ.

ಇನ್ನೊಂದು. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಅಂದರೆ ಸಾಲದು, ಸಹಾಯಧನ ಬರಲು ಆ ಖಾತೆಗೆ ಡಿಬಿಟಿ, ಅಂದರೆ ಸರ್ಕಾರದ ದುಡ್ಡು ನೇರ ಬೀಳುವ ಜೋಡಣೆ ಆಗಿರಬೇಕು. ಬ್ಯಾಂಕಿನಲ್ಲಿ "ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗೆ ಉಂಟು" ಅಂತ ಕೇಳಿ. ಎರಡು ಮೂರು ಖಾತೆ ಇದ್ದವರ ದುಡ್ಡು ಮರೆತೇ ಹೋದ ಹಳೆ ಖಾತೆಗೆ ಹೋಗಿ ಕೂತಿರುತ್ತದೆ.

ಬೈಂದೂರಿನವ
ಇದೆಲ್ಲ ಸಾಲವೇ ಅಲ್ವಾ? ಸಾಲ ಕೊಡುವುದನ್ನು ಸಹಾಯ ಅಂತ ಹೇಗೆ ಹೇಳುವುದು? ನಮ್ಮ ಕಡೆ ಮನೆ ಮನೆಯಲ್ಲಿ ವಾರದ ಕಂತಿನ ಸಾಲ ಉಂಟು. ಹೆಂಗಸರು ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಮಾಡುತ್ತಾರೆ. ಇನ್ನೂ ಒಂದು ಸಾಲ ತೆಗೆಯಿರಿ ಅಂತ ಹೇಳುವುದು ನನಗಂತೂ ಸರಿ ಕಾಣುವುದಿಲ್ಲ. ಗೃಹಲಕ್ಷ್ಮಿಯ 2,000 ಬಂದಾಗ ಅಮ್ಮ ಅದರಲ್ಲಿ ಔಷಧಿ ತರುತ್ತಾರೆ. ಅದು ಸಹಾಯ.

ಬಿಜೈಯ ಲೆಕ್ಕದವ
ನೀವು ಹೇಳಿದ್ದರಲ್ಲಿ ತುಂಬಾ ಸತ್ಯ ಉಂಟು. ಕೈಯಲ್ಲಿ ಕೆಲಸ ಇಲ್ಲದವರಿಗೆ, ವಯಸ್ಸಾದವರಿಗೆ ಸಾಲದ ಯೋಜನೆಯಿಂದ ಏನೂ ಪ್ರಯೋಜನ ಇಲ್ಲ. ಅವರಿಗೆ ನೇರ ದುಡ್ಡೇ ಬೇಕು, ಅದನ್ನು ನಾನೂ ಜೋರಾಗಿ ಹೇಳುತ್ತೇನೆ. ಮನೆ ಖರ್ಚಿಗೆ, ಮದುವೆಗೆ, ಹಳೆ ಸಾಲ ತೀರಿಸಲಿಕ್ಕೆ ಯಾರೂ ಈ ಸಾಲ ತೆಗೆಯಬಾರದು.

ಆದರೆ ಈಗಾಗಲೇ ವ್ಯಾಪಾರ ಇದ್ದು ವಾರದ ಕಂತಿನ ಸಾಲದಲ್ಲೇ ಸರಕು ತರುತ್ತಿರುವ ಅಕ್ಕಂದಿರ ವಿಷಯ ಬೇರೆ. ಸರಕಿಗೆ ಅವರಿಗೆ ಹೇಗೂ ಸಾಲ ಬೇಕು. ಅದನ್ನು ಕಡಿಮೆ ಬಡ್ಡಿಗೆ ಮಾಡಿಕೊಂಡರೆ ಉಳಿಯುವ ದುಡ್ಡೇ ಅವರಿಗೆ ಸಿಗುವ ಸಹಾಯ. ಅಷ್ಟಕ್ಕೆ ಮಾತ್ರ ನಾನು ಹೇಳುವುದು.

ಉಡುಪಿ ನಿವೃತ್ತ
ಬೈಂದೂರಿನವರೇ, ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮದು ಬ್ಯಾಂಕುಗಳು ಹುಟ್ಟಿದ ಊರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1928ರಲ್ಲಿ ದಿನ ದಿನದ ಉಳಿತಾಯದ ಪಿಗ್ಮಿ ಶುರುವಾದಾಗ ಏಜೆಂಟ್ ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ಈಗ ಅದೇ ಊರಿನ ಹೆಂಗಸರು ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರಿ ವಾರದ ಕಂತಿನವರ ಹತ್ತಿರ ಹೋಗುತ್ತಾರೆ. ನನಗೆ ಇದು ತುಂಬಾ ನೋವಿನ ವಿಷಯ. ಮೆಟ್ಟಿಲು ಹತ್ತಿ, ಕೇಳಿ. ಕೇಳುವುದು ನಿಮ್ಮ ಹಕ್ಕು.

ಗಂಗೊಳ್ಳಿ ದೋಣಿ
ಮೀನುಗಾರರದ್ದು ಯಾರೂ ಸರಿಯಾಗಿ ಹೇಳುವುದಿಲ್ಲ, ನಾನು ಬರೆಯುತ್ತೇನೆ. ಜೂನ್ 1ರಿಂದ ಜುಲೈ 31, 61 ದಿನ ಯಾಂತ್ರೀಕೃತ ಮೀನುಗಾರಿಕೆ ಬಂದ್. ಆ ಹೊತ್ತಿಗೆ ಉಳಿತಾಯ ಪರಿಹಾರ ಅಂತ ಉಂಟು. ನಾವು ವರ್ಷದಲ್ಲಿ 1,500 ಕಟ್ಟಿದರೆ ಕೇಂದ್ರ 1,500, ರಾಜ್ಯ 1,500 ಹಾಕಿ ಒಟ್ಟು 4,500 ಮಳೆಗಾಲದಲ್ಲಿ ಕೊಡುತ್ತಾರೆ. ದೊಡ್ಡ ದುಡ್ಡಲ್ಲ, ಆದರೆ ನಮ್ಮ 1,500 ಮೂರು ಪಟ್ಟು ಆಗುತ್ತದೆ. ಮೀನುಗಾರರ ಸೊಸೈಟಿಯಲ್ಲಿ ಸದಸ್ಯ ಆಗಿರಬೇಕು.

ಅಪಘಾತ ವಿಮೆ ಮತ್ಸ್ಯ ಸಂಪದದಲ್ಲೇ ಬರುತ್ತದೆ. ಪ್ರೀಮಿಯಂ ನಾವು ಕಟ್ಟುವುದಿಲ್ಲ. ಸತ್ತರೆ ಅಥವಾ ಪೂರ್ತಿ ಅಂಗವಿಕಲ ಆದರೆ 5 ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25,000. ನಮ್ಮ ಕಡೆ ಕಡಲಿಗೆ ಬಿದ್ದು ಹೋದವರ ಮನೆಯಲ್ಲಿ ಇದರ ವಿಷಯ ಗೊತ್ತೇ ಇರಲಿಲ್ಲ. ಹೆಸರು ನೋಂದಾಯಿಸಿದ್ದರೆ ಮಾತ್ರ ಸಿಗುವುದು, ಆಮೇಲೆ ಅತ್ತು ಪ್ರಯೋಜನ ಇಲ್ಲ. ದಯವಿಟ್ಟು ನಿಮ್ಮ ಮನೆಯಲ್ಲಿ ಕಡಲಿಗೆ ಹೋಗುವವರ ಹೆಸರು ಉಂಟಾ ಅಂತ ಇವತ್ತೇ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ಮಲ್ಪೆ ಬಂದರಿನ ತಮ್ಮನಿಗೆ ಒಂದು ಮಾತು. ಅಮ್ಮ ಬುಟ್ಟಿ ಹೊತ್ತು ಹೋಗುತ್ತಾರೆ ಅಂದಿರಲ್ಲ, ಐಸ್ ಬಾಕ್ಸ್ ಇರುವ ಮೂರು ಚಕ್ರದ ಗಾಡಿಗೂ ಮತ್ಸ್ಯ ಸಂಪದದಲ್ಲಿ ಸಬ್ಸಿಡಿ ಉಂಟು. ಘಟಕ ವೆಚ್ಚ 3 ಲಕ್ಷ ಅಂತ ಇಟ್ಟಿದ್ದಾರೆ. ಸಾಮಾನ್ಯ ವರ್ಗಕ್ಕೆ ಶೇ. 40, ಹೆಂಗಸರಿಗೆ ಮತ್ತು ಪರಿಶಿಷ್ಟರಿಗೆ ಶೇ. 60. ಅಂದರೆ ಅಮ್ಮನ ಹೆಸರಲ್ಲಿ ಮಾಡಿದರೆ 1.80 ಲಕ್ಷ. ಗಾಡಿಯನ್ನು ನೀವೇ ಓಡಿಸಿ, ಅಮ್ಮ ಮೀನು ಕೊಡಲಿ.

ಬಿಜೈಯ ಲೆಕ್ಕದವ
ಗಂಗೊಳ್ಳಿಯವರು ಹೇಳಿದ ಗಾಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಗಾಡಿ ಬುಕ್ ಮಾಡಬೇಡಿ. ಮೊದಲೇ ತೆಗೆದುಕೊಂಡದ್ದಕ್ಕೆ ಸಬ್ಸಿಡಿ ಕೇಳಿದರೆ ಕೆಲಸ ಆಗುವುದಿಲ್ಲ. ಮತ್ತು ಆ ವರ್ಷ ಇಷ್ಟು ಜನರಿಗೆ ಅಂತ ಇಟ್ಟ ಗುರಿ ಮುಗಿದಿದ್ದರೆ ಮುಂದಿನ ವರ್ಷಕ್ಕೆ ಕಾಯಬೇಕು, ಹಾಗಾಗಿ ಏಪ್ರಿಲ್-ಮೇಯಲ್ಲೇ ಇಲಾಖೆಗೆ ಹೋಗಿ ಕೇಳುವುದು ಒಳ್ಳೆಯದು.

ಮೀನುಗಾರರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಉಂಟು, ಕೃಷಿಕರಿಗೆ ಮಾತ್ರ ಅಲ್ಲ. ನನ್ನನ್ನು ಕೇಳಿದರೆ ಕಡಲಿನ ಕೆಲಸದವರಿಗೆ ಎಲ್ಲಕ್ಕಿಂತ ಹೊಂದುವುದು ಅದೇ. ತಿಂಗಳ ಕಂತು ಇಲ್ಲ. ಡೀಸೆಲ್‌ಗೆ, ಬಲೆಗೆ, ಐಸಿಗೆ ಬೇಕಾದಷ್ಟು ತೆಗೆಯಬಹುದು, ಮೀನು ಬಂದಾಗ ಕಟ್ಟಬಹುದು, ತೆಗೆದಷ್ಟಕ್ಕೆ ಮಾತ್ರ ಬಡ್ಡಿ. ಬಡ್ಡಿ ಶೇ. 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ. 3 ಬಿಟ್ಟು 4ಕ್ಕೆ ಬೀಳುತ್ತದೆ. 2025ರ ಜನವರಿಯಿಂದ 2 ಲಕ್ಷದವರೆಗೆ ಅಡಮಾನ ಬೇಡ.

ಸುರತ್ಕಲ್ ಅಕ್ಕ
ನಮ್ಮದು ಹೆಂಗಸರ ಗುಂಪು. ಹಲಸಿನ ಹಪ್ಪಳ, ಚಿಪ್ಸು, ಉಪ್ಪಿನಕಾಯಿ ಮಾಡುತ್ತೇವೆ. ಹಪ್ಪಳ ಬಿಸಿಲಿಗೆ ಹಾಕುವುದು, ಮೋಡ ಬಂದರೆ ಎಲ್ಲರೂ ಚಾಪೆ ಹಿಡಿದು ಒಳಗೆ ಓಡುವುದು. ಹಲಸು ಹೆಚ್ಚು ಸಿಗುವುದೇ ಮೇ-ಜೂನಿನಲ್ಲಿ, ಅಷ್ಟರಲ್ಲಿ ಮಳೆ. ಒಣಗಿಸುವ ಮೆಷಿನು ಮತ್ತು ಪ್ಯಾಕಿಂಗ್ ಮೆಷಿನು ಬೇಕು. ಪಿಎಂಎಫ್‌ಎಂಇಯಲ್ಲಿ ಅರ್ಧ ದುಡ್ಡು ಮಾಫಿ ಅಂತ ಒಬ್ಬರು ಹೇಳಿದರು, ಪ್ರಾಜೆಕ್ಟ್ ರಿಪೋರ್ಟಿಗೆ 15,000 ಕೇಳುತ್ತಿದ್ದಾರೆ. ಕೊಡಬಹುದಾ?

ಬಿಜೈಯ ಲೆಕ್ಕದವ
ಒಂದು ಪೈಸೆ ಕೊಡಬೇಡಿ ಅಕ್ಕ! ಈ ಯೋಜನೆಯಲ್ಲಿ ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿ ಅಂತ ನೇಮಿಸಿದ್ದಾರೆ. ಅರ್ಜಿ, ಯೋಜನಾ ವರದಿ, ಆಹಾರ ಸುರಕ್ಷತೆಯ ನೋಂದಣಿ ಎಲ್ಲಕ್ಕೂ ಅವರು ಸಹಾಯ ಮಾಡಬೇಕು. ಅವರಿಗೆ ಸಂಭಾವನೆ ಸರ್ಕಾರವೇ ಕೊಡುತ್ತದೆ. ಕೃಷಿ ಇಲಾಖೆಯ ಕಚೇರಿಯಲ್ಲಿ ಅವರ ನಂಬರ್ ಸಿಗುತ್ತದೆ. ಸಣ್ಣ ಉದ್ದಿಮೆಯವರ ಉದ್ಯಮ್ ನೋಂದಣಿ ಕೂಡ ಪೂರ್ತಿ ಉಚಿತ. ಸರ್ಕಾರದ ಹಾಗೇ ಕಾಣುವ ಖಾಸಗಿ ವೆಬ್‌ಸೈಟುಗಳು ಅದಕ್ಕೂ ದುಡ್ಡು ತೆಗೆಯುತ್ತವೆ, ನೋಡಿಕೊಳ್ಳಿ.

"ಅರ್ಧ ಮಾಫಿ" ಅನ್ನುವುದನ್ನು ಲೆಕ್ಕ ಹಾಕಿ ತೋರಿಸುತ್ತೇನೆ. ಕೇಂದ್ರದ್ದು ಶೇ. 35, ಗರಿಷ್ಠ 10 ಲಕ್ಷ. ಕರ್ನಾಟಕ ಅದರ ಮೇಲೆ ಶೇ. 15 ಸೇರಿಸಿ ಶೇ. 50 ಮಾಡಿದೆ, ಗರಿಷ್ಠ 15 ಲಕ್ಷ. ನಿಮ್ಮ ಯೋಜನೆ 10 ಲಕ್ಷದ್ದು ಅಂತ ಇಟ್ಟುಕೊಳ್ಳಿ. ಶೇ. 10, ಅಂದರೆ 1 ಲಕ್ಷ ನೀವು ಹಾಕಬೇಕು. ಬ್ಯಾಂಕು 9 ಲಕ್ಷ ಸಾಲ ಕೊಡುತ್ತದೆ. 5 ಲಕ್ಷ ಸಹಾಯಧನ ಬ್ಯಾಂಕಿಗೆ ಬರುತ್ತದೆ, ನಿಮ್ಮ ಕೈಗೆ ಅಲ್ಲ. ಅದು ಮೂರು ವರ್ಷ ನಿಮ್ಮ ಹೆಸರಿನಲ್ಲಿ ಬೇರೆ ಖಾತೆಯಲ್ಲಿ ಇರುತ್ತದೆ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. ಮೂರು ವರ್ಷ ಘಟಕ ನಡೆಯುತ್ತಾ ಇದ್ದು, ಕಂತು ಬಾಕಿ ಇಲ್ಲದಿದ್ದರೆ ಆಗ ಸಾಲಕ್ಕೆ ಜಮಾ ಆಗುತ್ತದೆ. ಅಂದರೆ ನಿಜವಾಗಿ ನಿಮ್ಮ ಮೇಲೆ ಬರುವುದು 4 ಲಕ್ಷದ ಸಾಲ ಮತ್ತು ಅದರ ಬಡ್ಡಿ. ನಡುವೆ ಘಟಕ ಮುಚ್ಚಿದರೆ ಅಥವಾ ಕಂತು ನಿಂತು ಖಾತೆ ಎನ್‌ಪಿಎ ಆದರೆ 5 ಲಕ್ಷ ಹೋಯಿತು.

ಅದಕ್ಕೇ ಮೆಷಿನು ದೊಡ್ಡದು ತೆಗೆಯಲು ಹೋಗಬೇಡಿ. ಸಬ್ಸಿಡಿ ಉಂಟಲ್ಲ ಅಂತ 10 ಲಕ್ಷದ್ದು ಮಾಡಿಸುವವರನ್ನು ನೋಡಿದ್ದೇನೆ, 3 ಲಕ್ಷದ ಡ್ರೈಯರು ಸಾಕಿತ್ತು. ನಿಮ್ಮ ಹಪ್ಪಳ ವರ್ಷಕ್ಕೆ ಎಷ್ಟು ಮಾರಾಟ ಆಗುತ್ತದೆ ಅಂತ ಪುಸ್ತಕ ನೋಡಿ ಆಮೇಲೆ ಮೆಷಿನಿನ ಸೈಜು ಹೇಳಿ. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ಮೂಲ ಬಂಡವಾಳವೂ ಇದೇ ಯೋಜನೆಯಲ್ಲಿ ಉಂಟು, ಒಕ್ಕೂಟದ ಮೂಲಕ ಬರುತ್ತದೆ. ಸಣ್ಣ ಉಪಕರಣಕ್ಕೆ ಅದೇ ಆಗಬಹುದು. ಯೋಜನೆಯ ಅವಧಿ 2025-26ರವರೆಗೆ ಅಂತ ಇಟ್ಟಿದ್ದರು, ಈಗ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಮೊದಲು ವಿಚಾರಿಸಿ.

ಸುರತ್ಕಲ್ ಅಕ್ಕ
ಒಳ್ಳೆಯದಾಯಿತು ಕೇಳಿದ್ದು. ನಾವು ಆ 15,000ವನ್ನು ಸಂಘದ ದುಡ್ಡಿನಿಂದ ಕೊಡುವವರಿದ್ದೆವು. ತರಬೇತಿ ಎಲ್ಲಿ ಸಿಗುತ್ತದೆ? ಪ್ಯಾಕಿಂಗ್, ಲೇಬಲ್ ಇದೆಲ್ಲ ನಮಗೆ ಗೊತ್ತಿಲ್ಲ.

ಉಡುಪಿ ನಿವೃತ್ತ
ಉಜಿರೆಯ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟಿಗೆ ಹೋಗಿ ತಂಗಿ. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಮಾಡಿದ್ದು. ತರಬೇತಿ, ಊಟ, ವಸತಿ ಎಲ್ಲ ಉಚಿತ. ದೇಶದಲ್ಲೆಲ್ಲ ಈಗ ಇರುವ ಆರ್‌ಸೆಟಿಗಳು ಇದನ್ನೇ ನೋಡಿ ಮಾಡಿದವು. ಉಡುಪಿ ಕಡೆಯವರಿಗೆ ಬ್ರಹ್ಮಾವರದಲ್ಲಿ ಉಂಟು. ಅಲ್ಲಿ ತರಬೇತಿ ಆದವರ ಅರ್ಜಿ ಬಂದರೆ ಬ್ಯಾಂಕಿನವರಿಗೂ ಧೈರ್ಯ ಬರುತ್ತದೆ, ಇದು ನನ್ನ ಅನುಭವ.

ಬಂಟ್ವಾಳದ ಟೈಲರ್
ಕೈಕಸುಬಿನವರ ವಿಶ್ವಕರ್ಮ ಯೋಜನೆಗೆ ಹಾಕಿದ್ದೆ. ಟೈಲರಿಗೂ ಉಂಟು ಅಂತ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ, ಒಟ್ಟು 18 ಕಸುಬು. ದೋಣಿ ಮಾಡುವವರು, ಬಲೆ ಹೆಣೆಯುವವರು, ಬುಟ್ಟಿ ಹೆಣೆಯುವವರು, ಹೂ ಕಟ್ಟುವವರು, ಅಕ್ಕಸಾಲಿಗರು, ಕುಂಬಾರರು, ಕ್ಷೌರಿಕರು ಎಲ್ಲ ಬರುತ್ತಾರೆ. ತರಬೇತಿಯಲ್ಲಿ ದಿನಕ್ಕೆ 500 ಭತ್ಯೆ ಕೊಟ್ಟರು, ಉಪಕರಣಕ್ಕೆ 15,000ದ ವೋಚರ್. ಇದು ಸಾಲ ಅಲ್ಲ, ವಾಪಸ್ ಕಟ್ಟಬೇಕಾಗಿಲ್ಲ. ಆಮೇಲೆ ಶೇ. 5 ಬಡ್ಡಿಗೆ 1 ಲಕ್ಷ ಸಾಲ, 18 ತಿಂಗಳಲ್ಲಿ ತೀರಿಸಿದರೆ ಮುಂದೆ 2 ಲಕ್ಷ. ಶಂಕರಪುರದ ಕಡೆ ಮಲ್ಲಿಗೆ ಕಟ್ಟುವ ಹೆಂಗಸರು ಎಷ್ಟೊಂದು ಜನ ಇದ್ದಾರಲ್ಲ, ಅವರು ಕೇಳಿ ನೋಡಬೇಕು. ಒಂದು ಮನೆಯಲ್ಲಿ ಒಬ್ಬರಿಗೆ ಮಾತ್ರ. ಮನೆಯಲ್ಲಿ ಸರ್ಕಾರಿ ಕೆಲಸದವರು ಇದ್ದರೆ ಆಗುವುದಿಲ್ಲ.

ನನ್ನ ಪ್ರಶ್ನೆ, ತರಬೇತಿ ಮುಗಿಯಿತು, ವೋಚರ್ ಬಂತು, ಸಾಲ ಮಾತ್ರ ಬ್ಯಾಂಕಿನಲ್ಲಿ ನಿಂತಿದೆ. ಹೋದಾಗಲೆಲ್ಲ "ಮುಂದಿನ ವಾರ ಬನ್ನಿ" ಅನ್ನುತ್ತಾರೆ.

ಕಾರ್ಕಳ ಹುಡುಗಿ
ನನಗೂ ಒಂದು ಕೇಳಲಿಕ್ಕೆ ಉಂಟು. ಡಿಗ್ರಿ ಆಯಿತು. ಬೈಕಂಪಾಡಿಯ ಒಂದು ಕಂಪೆನಿಯಲ್ಲಿ ಮೊದಲ ಕೆಲಸ, ತಿಂಗಳಿಗೆ 16,000. ಮೊದಲ ಕೆಲಸದವರಿಗೆ ಸರ್ಕಾರ 15,000 ಕೊಡುತ್ತದೆ ಅಂತ ಕೇಳಿದೆ, ಹೌದಾ?

ಬಿಜೈಯ ಲೆಕ್ಕದವ
ಹೌದು ತಂಗಿ. ವಿಕಸಿತ ಭಾರತ ರೋಜ್‌ಗಾರ್ ಯೋಜನೆ, 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಕೆಲಸಕ್ಕೆ ಸೇರಿದವರಿಗೆ. ಎಲ್ಲರಿಗೂ 15,000 ಅಲ್ಲ. ನಿನ್ನ ಪಿಎಫ್ ಲೆಕ್ಕದ ಒಂದು ತಿಂಗಳ ಸಂಬಳ, ಗರಿಷ್ಠ 15,000. ಎರಡು ಕಂತು. ಆರು ತಿಂಗಳು ಕೆಲಸದಲ್ಲಿ ಇದ್ದ ಮೇಲೆ ಒಂದು, ಹನ್ನೆರಡು ತಿಂಗಳು ಆಗಿ ಹಣಕಾಸಿನ ಒಂದು ಸಣ್ಣ ಆನ್‌ಲೈನ್ ಪಾಠ ಮುಗಿಸಿದ ಮೇಲೆ ಇನ್ನೊಂದು.

ಮುಖ್ಯ ವಿಷಯ, ಕಂಪೆನಿ ನಿನ್ನ ಹೆಸರಲ್ಲಿ ಪಿಎಫ್ ಕಟ್ಟುತ್ತಾ ಇರಬೇಕು. ಉಮಂಗ್ ಆ್ಯಪಿನಲ್ಲಿ ಮುಖ ತೋರಿಸಿ ಪಿಎಫ್ ನಂಬರ್, ಅಂದರೆ ಯುಎಎನ್ ಮಾಡಿಸಿಕೊಳ್ಳಬೇಕು. ಮೊದಲೇ ಬೇರೆ ಕಡೆ ಪಿಎಫ್ ಇದ್ದವರು ಹೊಸಬರ ಲೆಕ್ಕಕ್ಕೆ ಬರುವುದಿಲ್ಲ. ಪಿಎಫ್ ಬೇಡ, ಕೈಗೆ ಜಾಸ್ತಿ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ.

ಬೈಕಂಪಾಡಿ ಯೂನಿಟ್
ನಾನು ಸಣ್ಣ ಘಟಕ ನಡೆಸುವವ, ಮಾಲೀಕರ ಕಡೆಯಿಂದ ಹೇಳುತ್ತೇನೆ. 50ಕ್ಕಿಂತ ಕಡಿಮೆ ಕೆಲಸಗಾರರು ಇದ್ದರೆ ಕನಿಷ್ಠ ಇಬ್ಬರನ್ನು, 50 ಅಥವಾ ಜಾಸ್ತಿ ಇದ್ದರೆ ಐವರನ್ನು ಹೊಸದಾಗಿ ಸೇರಿಸಿ ಆರು ತಿಂಗಳು ಇಟ್ಟುಕೊಂಡರೆ ಒಬ್ಬೊಬ್ಬರಿಗೆ ತಿಂಗಳಿಗೆ 3,000ದವರೆಗೆ ನಮಗೂ ಬರುತ್ತದೆ. ಎರಡು ವರ್ಷ, ಉತ್ಪಾದನೆ ಮಾಡುವವರಿಗೆ ನಾಲ್ಕು ವರ್ಷ. ಗೇರುಬೀಜದ ಫ್ಯಾಕ್ಟರಿ, ಮೀನು ಸಂಸ್ಕರಣೆ, ಹಂಚಿನ ಕೆಲಸದವರು ಇದನ್ನು ನೋಡಬೇಕು. ಜನರನ್ನು ಲೆಕ್ಕದಲ್ಲಿ ತೋರಿಸದೆ ಇಟ್ಟುಕೊಂಡರೆ ಅವರಿಗೂ ಇಲ್ಲ, ನಮಗೂ ಇಲ್ಲ. ಪ್ಯಾನ್ ಜೋಡಿಸಿದ ಖಾತೆಗೇ ದುಡ್ಡು ಬರುವುದು, ಪಿಎಫ್ ರಿಟರ್ನ್ ತಿಂಗಳು ತಿಂಗಳು ಸರಿಯಾಗಿ ಹಾಕಿ.

ಉಡುಪಿ ನಿವೃತ್ತ
ಬಂಟ್ವಾಳದವರಿಗೆ ಉತ್ತರ ಬಾಕಿ ಇತ್ತು. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಬರುತ್ತದೆ. ಒಂದು ಹಾಳೆಯಲ್ಲಿ ಅರ್ಜಿ ಸಂಖ್ಯೆ, ದಿನಾಂಕ, ತರಬೇತಿ ಪ್ರಮಾಣಪತ್ರದ ನಂಬರ್ ಬರೆದು ಶಾಖೆಯಲ್ಲಿ ಕೊಡಿ, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಸಾಲ ಕೊಡುವುದಿಲ್ಲ ಅಂದರೆ ಕಾರಣ ಬರೆದು ಕೊಡಿ ಅಂತ ಕೇಳಿ. ಕೆಲವು ಸಲ ನಿಜವಾದ ಕಾರಣ ಇರುತ್ತದೆ, ಹಳೆ ಸಾಲ ಬಾಕಿ ಅಥವಾ ಸಿಬಿಲ್, ಅಂದರೆ ಸಾಲ ಕಟ್ಟಿದ ದಾಖಲೆಯ ಅಂಕ ಕಡಿಮೆ. ಅದನ್ನು ಸರಿ ಮಾಡಿದರೆ ಮುಗಿಯಿತು. ಅಡಮಾನ ಇಲ್ಲ ಅನ್ನುವುದು ಕಾರಣ ಆಗುವುದಿಲ್ಲ. ಸಣ್ಣ ಉದ್ದಿಮೆಯ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಉಂಟು.

ಆಮೇಲೆ ಅದೇ ಪ್ರತಿಯನ್ನು ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರಿಗೆ ಕೊಡಿ. ಸರ್ಕಾರಿ ಯೋಜನೆಗಳ ಬಾಕಿ ಅರ್ಜಿಗಳನ್ನು ಎಲ್ಲ ಬ್ಯಾಂಕಿನವರ ಸಭೆಯಲ್ಲಿ ಅವರು ಕೇಳುತ್ತಾರೆ. ಯೆಯ್ಯಾಡಿಯ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೂ ಒಂದು ಪ್ರತಿ ಕೊಡಿ. 30 ದಿನ ಕಳೆದರೂ ಬ್ಯಾಂಕಿನಿಂದ ಉತ್ತರ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಖರ್ಚಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳುತ್ತಾರೆ.

ಬಂಟ್ವಾಳದ ಟೈಲರ್
ತುಂಬಾ ಉಪಕಾರ ಆಯಿತು ಸರ್. ಸೋಮವಾರ ಬರೆದು ಕೊಟ್ಟು ಸೀಲ್ ಹಾಕಿಸಿಕೊಂಡು ಬರುತ್ತೇನೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.